ಕೋಳಿಗೊಂದು ಮಣೆ, ತರಕಾರಿಗೊಂದು ಮಣೆ

ಅವತ್ತು ಶನಿವಾರ. ಬೆಳಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದೆ, ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಲಿನ ಮಹಡಿಯ ನರ್ಸಕ್ಕ ಬಂದಿದ್ದರು. ಡ್ಯೂಟಿಗೆ ಹೊರಟವರು ನಮ್ಮ ಅತ್ತೆಯನ್ನು ಒಮ್ಮೆ ನೋಡಿಕೊಂಡು ಹೋಗೋಣವೆಂದು ನಿಂತಿದ್ದರು.

ಅತ್ತೆ ಹಿಂದಿನ ದಿನವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಮಂಗಳವಾರ ಶುರುವಾದ ವಾಂತಿ ಭೇದಿ ಅವರನ್ನು ಒದ್ದೆ ಬಟ್ಟೆಯ ಹಾಗೆ ಹಿಂಡಿ ಹಾಕಿತ್ತು. ಎರಡು ದಿನ ಡ್ರಿಪ್ ಹಾಕಿದ ಮೇಲೆ ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, “ನನ್ನ ಕನ್ನಡಕ ಎಲ್ಲಿಟ್ರಿ?” ಆಗ ನಮಗೆ ಹೋದ ಜೀವ ಬಂದಂತಾಯಿತು.

ಆದರೆ ನನ್ನ ಮಗಳಿಗೆ ಮಾತು ತಿರುಗಿ ಬರಲಿಲ್ಲ. ಅವಳಿಗೆ ಎಂಟು ವರ್ಷ. ಬಾಯಿ ತೆರೆದರೆ ‘ಯಾಕೆ’ ಎನ್ನುತ್ತಾಳೆಂದು ಅವರಪ್ಪ ಇಟ್ಟ ಅಡ್ಡಹೆಸರು ‘ಯಾಕಮ್ಮ’. ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ ದಿನದಿಂದ ನಮ್ಮ ಯಾಕಮ್ಮ ಒಂದೇ ಒಂದು ‘ಯಾಕೆ’ ಕೇಳಿರಲಿಲ್ಲ. ಅಡುಗೆಮನೆಯ ಕಡೆಗೂ ಬಂದಿರಲಿಲ್ಲ. ಅಜ್ಜಿಯ ಚಿಂತೆ ಇರಬೇಕು ಎಂದು ನಾನು ಸುಮ್ಮನಿದ್ದೆ.

“ಈಗ ಹೇಗಿದೀರ ದೊಡ್ಡಮ್ಮ? ಏನು ತಿಂದು ಹೀಗಾಯ್ತು ಗೊತ್ತಾಯ್ತಾ?” ನರ್ಸಕ್ಕ ಅತ್ತೆಯ ಮಂಚದ ತುದಿಯಲ್ಲಿ ಕುಳಿತರು.

“ಇನ್ನೇನು, ನನ್ನ ಸೊಸೆ ಮಾಡಿದ ಆ ದಾರದ ಉಂಡೆ! ನೂಡಲ್ಸಂತೆ. ಬಾಯಲ್ಲೇ ಸಿಕ್ಕಾಗುತ್ತೆ, ಹೊಟ್ಟೆಗೆ ಹೋದ್ಮೇಲೆ ಬಿಡುತ್ತಾ?”

“ಎರಡು ಸಲ ಹಾಕಿಸ್ಕೊಂಡ್ರಂತೆ?”

“ರುಚಿಯಾಗಿತ್ತು, ಹಾಕಿಸ್ಕೊಂಡೆ. ಅದಕ್ಕೂ ಇದಕ್ಕೂ ಏನು ಸಂಬಂಧ?”

ನಾನು ನಡುವೆ ಬಾಯಿ ಹಾಕಿದೆ. “ನಾವು ತಿಂದಿದ್ದು ಭಾನುವಾರ ಅಕ್ಕ. ಭಾನುವಾರ ತಿಂದಿದ್ದು ಮಂಗಳವಾರ ಕಾಡುತ್ತಾ? ಕೋಳೀನೂ ಚೆನ್ನಾಗಿ ಬೇಯಿಸಿದ್ದೆ.”

“ಕಾಡಬಹುದು. ಕೆಲವು ರೋಗಾಣು ಹೊಟ್ಟೆ ಸೇರಿ ಎರಡು ಮೂರು ದಿನ ಆದ್ಮೇಲೆ ಕೆಲಸ ತೋರಿಸ್ತವೆ. ಅದರಿಂದಲೇ ಹೀಗಾಯ್ತು ಅಂತ ನೂರಕ್ಕೆ ನೂರು ಹೇಳಕ್ಕಾಗಲ್ಲ. ಆದ್ರೆ ಅವತ್ತು ಹೇಗೆ ಮಾಡಿದೆ ಅಂತ ಒಂದ್ಸಲ ತೋರಿಸ್ತೀಯಾ?”

ನಾನು ಅಡುಗೆಮನೆಗೆ ಹೋಗಿ, ಬರಿಗೈಯಲ್ಲೇ ನಾಟಕದ ಹಾಗೆ ಮಾಡಿ ತೋರಿಸಿದೆ. ಕೋಳಿಯನ್ನು ನಲ್ಲಿ ಕೆಳಗೆ ಹಿಡಿದು ಮೂರು ಸಲ ತೊಳೆದೆ. ಮಣೆಯ ಮೇಲಿಟ್ಟು ಉದ್ದುದ್ದ ಹೆಚ್ಚಿದೆ. ಮಣೆ, ಚಾಕು ಎರಡನ್ನೂ ನೀರಲ್ಲಿ ಜಾಲಿಸಿ ಒರೆಸಿದೆ. ಅದರ ಮೇಲೇ ಕ್ಯಾರೆಟ್, ಬೀನ್ಸ್, ಕೋಸು ಹೆಚ್ಚಿದೆ. ಎಲ್ಲವನ್ನೂ ದೊಡ್ಡ ಉರಿಯಲ್ಲಿ ಹುರಿದು ಬೇಯಿಸಿದ ನೂಡಲ್ಸ್ ಬೆರೆಸಿದೆ. ಕೊನೆಗೆ ಒಂದು ಕಟ್ಟು ಈರುಳ್ಳಿ ಸೊಪ್ಪನ್ನು ಅದೇ ಮಣೆಯ ಮೇಲೆ ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿದೆ.

“ಆ ಸೊಪ್ಪನ್ನ ಬೇಯಿಸಲಿಲ್ವಾ?”

“ಇಲ್ಲಕ್ಕ. ಹಸಿಯಾಗಿದ್ರೇ ಚೆಂದ.”

“ಯಾರು ಜಾಸ್ತಿ ತಿಂದ್ರು?”

ನಾನು ಬಾಗಿಲ ಕಡೆ ನೋಡಿದೆ. ನಮ್ಮೆಜಮಾನರು ಹಸಿ ಈರುಳ್ಳಿ ಮುಟ್ಟುವುದಿಲ್ಲ. ಮಗಳು ಒಂದೊಂದನ್ನೇ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾಳೆ. ಬಾಚಿ ಬಾಚಿ ಹಾಕಿಸಿಕೊಂಡವರು ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

“ನೋಡಮ್ಮ,” ಎಂದರು ಅತ್ತೆ, “ನಲವತ್ತು ವರ್ಷದಿಂದ ಕೋಳಿ ತೊಳೆದು ತೊಳೆದು ನನ್ನ ಕೈಗೆರೆ ಸವೆದಿದೆ. ಒಂದೇ ಮಣೆ, ಒಂದೇ ಚಾಕು. ಅವಾಗೆಲ್ಲ ಆಗದ್ದು ಈಗ ಆಗುತ್ತಾ?”

“ಅವಾಗೆಲ್ಲ ಯಾರ ಹೊಟ್ಟೇನೂ ಕೆಟ್ಟಿದ್ದೇ ಇಲ್ವಾ ದೊಡ್ಡಮ್ಮ?”

“ಕೆಟ್ಟಿರಬಹುದು. ಬಿಸಿಲಿಗೆ.”

“ಮಳೆಗಾಲದಲ್ಲಿ ಕೆಟ್ಟಿದ್ದು?”

“ಅದು ನೀರಿಗೆ.”

“ಚಳಿಗಾಲದಲ್ಲಿ?”

ಅತ್ತೆ ಕನ್ನಡಕ ಸರಿಮಾಡಿಕೊಂಡರು. “ನೀನು ಸೂಜಿ ಹಿಡಿಯೋದು ಬಿಟ್ಟು ಲಾಠಿ ಹಿಡೀಬೇಕಿತ್ತು ನೋಡು!”

ನರ್ಸಕ್ಕ ನಗುತ್ತಲೇ ನನ್ನ ಬುಟ್ಟಿಯಿಂದ ಒಂದು ಬೀಟ್‌ರೂಟ್, ಒಂದು ಮೂಲಂಗಿ ತೆಗೆದರು. ಬೀಟ್‌ರೂಟನ್ನು ಮಣೆಯ ಮೇಲೆ ಹೆಚ್ಚಿದರು. ಹೋಳುಗಳನ್ನು ನಾನು ಕೋಳಿ ಹಿಡಿದ ಹಾಗೆಯೇ ನಲ್ಲಿ ಕೆಳಗೆ ಹಿಡಿದರು. ಪಕ್ಕದಲ್ಲಿ ನಾನು ತೊಳೆದು ಬೋರಲು ಹಾಕಿದ್ದ ಬಿಳಿ ತಟ್ಟೆಗಳ ಮೇಲೆ ಕೆಂಪು ಹನಿಗಳು ಸಿಡಿದವು. ನನ್ನ ತೋಳಿನ ಮೇಲೂ ಎರಡು ಹನಿ.

ಆಮೇಲೆ ಮಣೆಯನ್ನೂ ಚಾಕುವನ್ನೂ ನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒರೆಸಿ, ಮೂಲಂಗಿ ಹೆಚ್ಚಿದರು. ಬೆಳ್ಳಗಿದ್ದ ಮೂಲಂಗಿಯ ಬಿಲ್ಲೆಗಳು ಒಂದೊಂದಾಗಿ ಗುಲಾಬಿ ಬಣ್ಣ ಹತ್ತಿಸಿಕೊಂಡು ಬಿದ್ದವು.

“ಬೀಟ್‌ರೂಟ್ ಬಣ್ಣ ಕಣ್ಣಿಗೆ ಕಾಣುತ್ತೆ. ಹಸಿ ಕೋಳಿ ರೋಗಾಣು ಕಾಣಲ್ಲ. ಅಷ್ಟೇ ವ್ಯತ್ಯಾಸ. ಕೋಳಿ ಮೇಲಿರೋದು ಬೆಂಕೀಲಿ ಸಾಯುತ್ತೆ. ತೊಳೆಯೋ ಹೊತ್ತಲ್ಲಿ ತಟ್ಟೆಗೆ ಸಿಡಿದಿದ್ದು, ಮಣೆಯಿಂದ ಹಸಿ ಸೊಪ್ಪಿಗೆ ಹತ್ತಿದ್ದು ಬೆಂಕಿ ಕಾಣದೆ ಸೀದಾ ಬಾಯಿಗೆ ಹೋಗುತ್ತೆ.”

ಅತ್ತೆ ಒಂದು ಗುಲಾಬಿ ಬಿಲ್ಲೆಯನ್ನು ಎತ್ತಿ ಕನ್ನಡಕದ ಹತ್ತಿರ ಹಿಡಿದರು. ಏನೂ ಮಾತಾಡಲಿಲ್ಲ. ನಮ್ಮತ್ತೆ ಏನೂ ಮಾತಾಡದಿದ್ದರೆ ಒಪ್ಪಿಕೊಂಡರು ಎಂದೇ ಅರ್ಥ.

“ಹೋದ ತಿಂಗಳು ನಿನ್ನ ಮಗಳ ಶಾಲೇಲೂ ಇದನ್ನೇ ಮಾಡಿ ತೋರಿಸಿದ್ದೆ,” ಎಂದರು ನರ್ಸಕ್ಕ. “ಮುಂದಿನ ಸಾಲಲ್ಲೇ ಕೂತಿದ್ಲು. ಅಲ್ವೇನೇ?”

ನಾವು ತಿರುಗಿ ನೋಡಿದೆವು. ಅಷ್ಟು ಹೊತ್ತು ಅಜ್ಜಿಯ ಹಿಂದೆ ನಿಂತಿದ್ದವಳು ಅಲ್ಲಿರಲಿಲ್ಲ.

ಆಗ ನನಗೆ ನೆನಪಾಯಿತು. ಆ ಭಾನುವಾರ ನಾನು ಈರುಳ್ಳಿ ಸೊಪ್ಪನ್ನು ಮಣೆಯ ಮೇಲಿಟ್ಟಾಗ ಅವಳು ಪಕ್ಕಕ್ಕೆ ಬಂದು “ಅಮ್ಮಾ, ಯಾ...” ಎಂದಿದ್ದಳು. “ಒಲೆ ಮುಂದೆ ಇರೋರಿಗೆ ಅಡ್ಡ ಪ್ರಶ್ನೆ ಕೇಳಬಾರದು ಕಣೇ,” ಎಂದು ಅತ್ತೆ ಗದರಿದ್ದರು. “ಆಮೇಲೆ ಕೇಳು ಪುಟ್ಟಾ,” ಎಂದು ನಾನು ಹೇಳಿದ್ದೆ. ಆ ‘ಆಮೇಲೆ’ ಬರಲೇ ಇಲ್ಲ.

ಹೊರಗೆ ಹೋಗಿ ನೋಡಿದರೆ, ಮಗಳು ಮೆಟ್ಟಿಲ ಮೇಲೆ ಮೊಣಕಾಲಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು. ನಾನು ಹಿಂದಿನ ಮೆಟ್ಟಿಲಲ್ಲಿ ಕೂತು, ಉಳಿದ ಜಡೆ ಹಾಕುತ್ತಾ ಹೇಳಿದೆ. “ಮಣೆ ನನ್ನದು, ಚಾಕು ನನ್ನದು, ತಪ್ಪೂ ನನ್ನದೇ. ನೀನು ಕೇಳೋಕೆ ಬಂದಿದ್ದೆ. ಈ ಅಮ್ಮನೇ ಕೇಳಿಸ್ಕೊಳ್ಳಲಿಲ್ಲ.”

ಅವಳ ಭುಜ ಅಲುಗಿತು. ಬಾಯಿ ತೆರೆಯಲಿಲ್ಲ. ಮಕ್ಕಳ ಮನಸ್ಸಿಗೆ ಹತ್ತಿದ್ದು ಒಂದು ಸಲ ಜಾಲಿಸಿದರೆ ಹೋಗುವುದಿಲ್ಲ. ನಾನು ಆತುರ ಮಾಡಲಿಲ್ಲ.

ಸಂಜೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತೆ ನಮ್ಮೆಜಮಾನರಿಗೆ ಹುಕುಂ ಮಾಡಿದರು. “ಊರವರಿಗೆಲ್ಲ ಬಾಗಿಲು ಕಿಟಕಿ ಮಾಡಿಕೊಡ್ತೀಯ. ಮನೆಗೊಂದು ಮಣೆ ಮಾಡಕ್ಕೆ ಕೈ ಬರಲ್ವಾ?” ಬಡಗಿಯ ಮನೆಯಲ್ಲೇ ಎರಡನೇ ಮಣೆ ಇಲ್ಲದಿದ್ದುದು ನಮಗೂ ಹೊಳೆದಿರಲಿಲ್ಲ! ಹಳೆಯ ಮಣೆಯಲ್ಲಿ ಗೀರು ಬಿದ್ದಿದ್ದರಿಂದ ಅದನ್ನು ಬಿಸಾಡಿ ಎರಡು ಹೊಸದನ್ನೇ ಮಾಡಿದರು. ಗುರುತಿಗೆ ಒಂದರ ಮೇಲೆ ಕ್ಯಾರೆಟ್, ಒಂದರ ಮೇಲೆ ಕೋಳಿ. ಮಗಳು ಕಾಗದದ ಮೇಲೆ ಚಿತ್ರ ಬರೆದುಕೊಟ್ಟಳು, ಅವರು ಕೆತ್ತಿದರು. ಕೋಳಿ ಬಾತುಕೋಳಿಯ ಹಾಗಿದೆ. ಪರವಾಗಿಲ್ಲ, ಕೆಲಸ ನಡೆಯುತ್ತದೆ.

ಓದುತ್ತಿರುವ ಅಕ್ಕಂದಿರೇ, ಅಡುಗೆಗೆ ಕೈ ಹಾಕುವ ಅಣ್ಣಂದಿರೇ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ, ಬೇಗ ಹೇಳಿಬಿಡುತ್ತೇನೆ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಚೆನ್ನಾಗಿ ಬೇಯಿಸಿದರೆ ಸಾಕು. ಅತಿ ದಪ್ಪ ತುಂಡನ್ನು ಮುರಿದು ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು. ತರಕಾರಿಯನ್ನು ಮೊದಲು ಹೆಚ್ಚಿ ಮುಚ್ಚಿಡಿ, ಕೋಳಿಯ ಸರದಿ ಕೊನೆಗೆ ಬರಲಿ. ಎರಡು ಮಣೆ ಇಲ್ಲದಿದ್ದರೆ ಒಂದನ್ನೇ ಸೋಪು, ಬಿಸಿನೀರು ಹಾಕಿ ಉಜ್ಜಿ. ಕೋಳಿ ಮುಟ್ಟಿದ ಕೈಗೂ ಸೋಪು ಬೇಕು, ಅದೇ ಕೈಯಲ್ಲಿ ಉಪ್ಪಿನ ಡಬ್ಬಿ ತೆಗೆಯಬೇಡಿ. ಇಷ್ಟಾದರೂ ವಾಂತಿ ಭೇದಿ ಶುರುವಾದರೆ, ವಯಸ್ಸಾದವರನ್ನೂ ಮಕ್ಕಳನ್ನೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮತ್ತೆ, ನಿಮ್ಮ ಮನೆಯ ಚಿಕ್ಕವರು ಒಲೆಯ ಹತ್ತಿರ ಬಂದು ಏನಾದರೂ ಕೇಳಿದರೆ, ಉರಿ ಸಣ್ಣ ಮಾಡಿ ಕೇಳಿಸಿಕೊಳ್ಳಿ.

ಇಷ್ಟು ಹೇಳುವ ನಾನೇ ಏನು ಮಾಡಿದೆ, ಅದನ್ನೂ ಕೇಳಿ.

ಮುಂದಿನ ವಾರ ಅತ್ತೆಯೇ ಬಾಯಿಬಿಟ್ಟು ಹೇಳಿದರು, “ಆ ದಾರದ ಉಂಡೆ ಮಾಡೇ, ಆಸೆಯಾಗಿದೆ.” ಕ್ಯಾರೆಟ್ ಮಣೆಯ ಮೇಲೆ ತರಕಾರಿ ಹೆಚ್ಚಿದೆ. ಈರುಳ್ಳಿ ಸೊಪ್ಪನ್ನು ಬೇರೆ ಬಟ್ಟಲಲ್ಲಿ ಮುಚ್ಚಿಟ್ಟೆ. ನೂಡಲ್ಸ್ ಮೆತ್ತಗಾಗುವ ಮೊದಲೇ ಬಸಿದು ಒಂದು ಚಮಚ ಎಣ್ಣೆ ಸವರಿದೆ. ಬಾತುಕೋಳಿ ಮಣೆಯ ಮೇಲೆ ಕೋಳಿ ಹೆಚ್ಚಿ, ತಟ್ಟೆಯಲ್ಲಿ ಹಾಕಿ ಮೆಣಸು, ಬೆಳ್ಳುಳ್ಳಿ, ಸೋಯಾ ಸಾಸ್ ಕಲಸಿದೆ. ಮಣೆ, ಚಾಕು, ಕೈ ಎಲ್ಲಕ್ಕೂ ಸೋಪು. ಬಾಣಲೆ ಕಾದು ಹೊಗೆಯಾಡಿದಾಗ ಕೋಳಿ ಹಾಕಿದೆ. ಚೊರ್ ಎಂದಿತು. ಹತ್ತು ದಿನಗಳ ಮೇಲೆ ಮೊದಲ ಬಾರಿಗೆ ಮಗಳು ತಾನಾಗಿಯೇ, ಯಾರ ಹಿಂದೆಯೂ ಅಡಗದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಕೋಳಿ ಬೆಂದಿತು. ತುಂಡು ಮುರಿದು ನೋಡಿದೆ, ಒಳಗೂ ಬೆಳ್ಳಗಿತ್ತು. ಇನ್ನು ಅದನ್ನು ತೆಗೆದಿಟ್ಟು ತರಕಾರಿ ಹುರಿಯಬೇಕು. ಬಾಣಲೆಯಿಂದ ಒಂದು ಸೌಟು ಕೋಳಿ ಎತ್ತಿದೆ. ಎಡಗೈಗೆ ಹತ್ತಿರವಿದ್ದ ತಟ್ಟೆಯನ್ನು ಎಳೆದುಕೊಂಡೆ.

ಮಗಳು ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ತುಟಿ ತೆರೆದಳು, ಮುಚ್ಚಿದಳು, ಒಲೆಯ ಪಕ್ಕದಲ್ಲಿ ನಿಂತಿದ್ದ ಅಜ್ಜಿಯ ಮುಖ ನೋಡಿದಳು. ಅತ್ತೆ ಗದರಲಿಲ್ಲ. ಕೈ ಚಾಚಿ ಒಲೆಯ ಉರಿಯನ್ನು ಸಣ್ಣ ಮಾಡಿದರು. ನನ್ನ ಸೌಟು ಗಾಳಿಯಲ್ಲೇ ನಿಂತಿತು.

“ಕೇಳು ಮಗಾ,” ಎಂದರು ಅತ್ತೆ.

“ಅಮ್ಮಾ, ಹಸಿ ಕೋಳಿ ಇಟ್ಟಿದ್ದ ತಟ್ಟೆಗೇ ಯಾಕೆ ಹಾಕ್ತಿದೀಯ?”