ನಿಲ್ಲಿಸಿದ ಹೆಸರು

ಫ್ಯಾನಿನ ಗಾಳಿಗೆ ಕಾಗದದ ಮೂಲೆ ಏಳುತ್ತದೆ, ಸಿದ್ದಪ್ಪ ಒತ್ತಿ ಹಿಡಿಯುತ್ತಾನೆ, ಪಕ್ಷದ ಮುಖಂಡರ ಮನುಷ್ಯ, ಮಾತು ಮಾತ್ರ ಮೆತ್ತಗೆ — ಸಹಿ ಮಾಡ್ರಿ ಬಸವೇಶ್ವರಕ್ಕ, ಊರಿನ ಹೆಸ್ರು ಒಬ್ರ ಕೈಯಾಗ ಇರಬಾರ್ದು, ಈಗ ನಾರಾಯಣಪೇಟಿ ಜಿಲ್ಲಾ ಆಗೇತಿ, ಅದನ್ನ ಮುಖಂಡ್ರಿಗೆ ಬಿಟ್ಟುಕೊಡ್ರಿ — ಹೌದಲ್ಲ, ಊರು ತನ್ನದೇನು, ತಾನು ಮಖ್ತಲ್‌ನಿಂದ ಬಂದ ಸೊಸೆ, ಆದರೆ ನೇಕಾರರ ಸಂಘದ ವೆಬ್‌ಸೈಟಿಗೆ ಊರಿನ ಹೆಸರಿನದೇ ಡೊಮೇನ್, ಅಂದರೆ ಅಂತರ್ಜಾಲದ ವಿಳಾಸ, ಹಿಡಿದದ್ದು ತಾನೇ, ತೆಲಂಗಾಣ ರಾಜ್ಯವಾದ ಎರಡನೇ ವರ್ಷ, ಆಗ ಅದು ಯಾರಿಗೂ ಬೇಡವಾಗಿತ್ತು, ಸೀರೆಗಳ ಚಿತ್ರ ಹಾಕಿದಾಗ ಇದೇ ಸಿದ್ದಪ್ಪ ಶಾಲು ಹೊದಿಸಿದ್ದ — ಈಗ ಮುಖಂಡರು ಮಗ್ಗದ ಶೆಡ್ಡು ಕೆಡವಿ ಶೋರೂಮು ಕಟ್ಟುತ್ತೇವೆ ಅಂದರು, ಅರವತ್ತೆರಡು ನೇಕಾರರು ಬೇಡವೆಂದರು, ಅವರ ಹೆಸರುಗಳನ್ನು ಮೊದಲ ಪುಟಕ್ಕೇ ಹಾಕಿದಳು, ಅಷ್ಟೇ, ಹತ್ತು ದಿನಕ್ಕೆ ಡೊಮೇನ್ ಕೊಟ್ಟ ಕಂಪನಿಯಿಂದ ಮೇಲ್, ಮೇಲಿನಿಂದ ದೂರು ಬಂದಿದೆ, ನಿಮ್ಮ ಡೊಮೇನನ್ನು ನಿಲ್ಲಿಸಲಾಗಿದೆ — ಒಂದು ಇಟ್ಟಿಗೆಯೂ ಬೀಳಲಿಲ್ಲ, ಪೊಲೀಸರು ಬರಲಿಲ್ಲ, ಎಲ್ಲೋ ಕೂತವರು ದೀಪ ಆರಿಸಿದಂತೆ ಆರಿಸಿದರು — ಸಹಿ ಮಾಡಿದ್ರ ನಾಳೇನ ಚಾಲೂ ಆಗ್ತೈತ್ರಿ — ಆ ಅರವತ್ತೆರಡು ಹೆಸ್ರು? — ಅವನ್ನಷ್ಟ ತೆಗಿತೀವ್ರಿ, ಸೀರಿ, ಫೋಟೋ ಎಲ್ಲಾ ಹಂಗ ಇರ್ತಾವ — ಸೀರೆ ಇರುತ್ತದೆ, ನೇಯ್ದವರು ಇರುವುದಿಲ್ಲ, ದಸರೆ ಹತ್ತಿರ ಬಂತು, ಹೈದರಾಬಾದಿನವರು ಹುಡುಕಿ ಸಿಗದೆ ಗದ್ವಾಲದ ಸೀರೆಗೆ ಹೋಗುತ್ತಾರೆ, ಮಾಡಿಬಿಡಲೇ, ಪೆನ್ನು ಕಾಗದ ಮುಟ್ಟುತ್ತದೆ, ಒಂದು ನೀಲಿ ಚುಕ್ಕೆ — ಇಲ್ಲ ಸಿದ್ದಪ್ಪ, ಆಗಂಗಿಲ್ಲ — ತನ್ನದೇ ದನಿಯೇ ಇದು, ಅವನು ಸಿಟ್ಟಾಗುವುದಿಲ್ಲ, ಕಾಗದ ಮಡಚುತ್ತಾನೆ — ಹಂಗಾರ ಅದು ಇನ್ನ ತೆರಿಯಂಗಿಲ್ಲಕ್ಕ, ಇಲ್ಲಿಂದ ದಿಲ್ಲಿತನ ಕೇಳೋರು ಯಾರದಾರ —

ಬಿಸಿಲು, ರಾಯಚೂರು ಬಸ್ಸಿನ ಹಾರ್ನು, ಕಾಲುಗಳು ತಾವಾಗಿಯೇ ಶೆಡ್ಡಿಗೆ ನಡೆದಿವೆ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟ ಕರಿಬಸಯ್ಯ, ಎಪ್ಪತ್ತು ದಾಟಿದ ಹಿರಿಯ ನೇಕಾರ, ಲಾಳಿ ನಿಲ್ಲಿಸುತ್ತಾನೆ — ಏನಾತವ್ವ, ಬಂತಾ? — ಸಹಿ ಮಾಡ್ಲಿಲ್ಲ ಕಾಕಾ, ಇನ್ನ ಬರಂಗಿಲ್ಲ — ತಪ್ಪಾಯಿತೇ ಎಂದು ಅವನ ಮುಖ ನೋಡುತ್ತಾಳೆ, ಎಲ್ಲಿ, ತೋರ್ಸು ಅನ್ನುತ್ತಾನೆ, ಫೋನು ಕೊಡುತ್ತಾಳೆ, ಬರೀ ಬಿಳುಪು, ತುದಿಯಲ್ಲಿ ಒಂದು ಸಾಲು ಇಂಗ್ಲಿಷು, ಅವನಿಗೆ ಓದಲು ಬಾರದು, ಕೆಂಪು ಬಣ್ಣ ಹತ್ತಿದ ಬೆರಳನ್ನು ಗಾಜಿನ ಮೇಲೆ ಇಡುತ್ತಾನೆ, ಮೇಲಿನಿಂದ ಎಣಿಸಿ, ಮೂರನೆಯ ಸಾಲಿನ ಜಾಗಕ್ಕೆ — ನನ್ನ ಹೆಸ್ರು ಇಲ್ಲೇ ಇತ್ತಲ್ಲವ್ವ — ಹೂಂ ಕಾಕಾ, ಅಲ್ಲೇ ಇತ್ತು — ಬೇರೆ ಡೊಮೇನ್ ಹೆಸರು ಹಿಡಿಯಬೇಕು, ಅದನ್ನೂ ನಿಲ್ಲಿಸಿದರೆ, ಇನ್ನೊಂದು, ಯಾವುದು, ಏನೆಂದು — ಆ ಬೆರಳು ಏಳುವುದಿಲ್ಲ, ಬಿಳುಪಿನ ಮೇಲೆ ಕೆಂಪು ಬೆರಳು, ಆ ಹೆಸರಿನ ಜಾಗದಲ್ಲಿ ಬೆರಳು