ನೆನೆಹಾಕದ ಅಕ್ಕಿ

ಕೋಳಿ ಕೂಗಿದಾಗ ಎದ್ದು ಒಲೆ ಹೊತ್ತಿಸಿದ ಮನಿವೊನ್, ಅಕ್ಕಿಯ ಪಾತ್ರೆಗೆ ಕೈಹಾಕಿ ಹಾಗೇ ನಿಂತುಬಿಟ್ಟಳು. ಪಾತ್ರೆಯಲ್ಲಿ ಏನೂ ಇರಲಿಲ್ಲ. ರಾತ್ರಿ ಅಕ್ಕಿ ನೆನೆಹಾಕುವುದನ್ನೇ ಮರೆತಿದ್ದಳು. ಅಂಟಕ್ಕಿ ಅವಸರಕ್ಕೆ ಬಗ್ಗುವ ಪೈಕಿಯಲ್ಲ. ನೆನೆಯದಿದ್ದರೆ ಹಬೆಯಲ್ಲಿ ಎಷ್ಟು ಹೊತ್ತಿಟ್ಟರೂ ಕಲ್ಲೇ.

ಮದುವೆಯಾದಂದಿನಿಂದ ಆ ಕೆಲಸ ಅವಳ ಗಂಡ ಖಾಮ್ಲಾನದಾಗಿತ್ತು. ಸಂಜೆ ಮೆಕಾಂಗ್ ನದಿಯಲ್ಲಿ ಮಿಂದು ಬಂದವನು ಅಕ್ಕಿ ನೆನೆಹಾಕದೆ ಮಲಗಿದ್ದೇ ಇಲ್ಲ. ಅವನು ಸತ್ತು ಇವತ್ತಿಗೆ ವರ್ಷ. ಇವತ್ತು ಭಿಕ್ಷುಗಳ ಪಾತ್ರೆಗೆ ಬಿದ್ದ ಅನ್ನವೇ ಅವನಿಗೆ ಮುಟ್ಟುವ ಊಟ. ಹಾಳು ಮರೆವು, ಇವತ್ತೇ ಬರಬೇಕಿತ್ತೆ?

ಪಕ್ಕದ ಮನೆಯ ಬುವಾಖಾಮಳನ್ನು ಒಂದು ಹಿಡಿ ಅನ್ನ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳಲು ಮುಖ ಎಲ್ಲಿದೆ? ಮೊನ್ನೆ ತಾನೇ ನಾಲ್ಕು ಜನರೆದುರು, "ಸಂತೆ ಅನ್ನ ತಂದು ಹಾಕಿದ್ರೆ ಪುಣ್ಯ ಮಾರೋಳಿಗೆ ಕಣೆ, ನಿನಗಲ್ಲ" ಎಂದು ಮನಿವೊನ್ ಅವಳನ್ನು ಆಡಿಕೊಂಡಿದ್ದಳು.

ಬುಟ್ಟಿಯಲ್ಲಿ ನಿನ್ನೆಯ ತಂಗಳಿತ್ತು. ಮೂಸಿದಳು, ಹುಳಿ ವಾಸನೆ. ಅದನ್ನೇ ಹಬೆಗಿಟ್ಟಳು, ಬಿಸಿಯಾದ ಮೇಲೆ ಇನ್ನೊಮ್ಮೆ ಮೂಸುವ ಧೈರ್ಯ ಬರಲಿಲ್ಲ. ಬೀದಿಯಲ್ಲಿ ಮಂಡಿಯೂರಿ ಭಿಕ್ಷುಗಳ ಪಾತ್ರೆಗಳಿಗೆ ಒಂದೊಂದೇ ತುತ್ತು ಹಾಕುವಾಗ ತಲೆಯನ್ನೂ ಎತ್ತಲಿಲ್ಲ.

ಆಮೇಲೆ ಹೆಂಗಸರೆಲ್ಲ ವಿಹಾರದಲ್ಲಿ ಸೇರಿದರು. ಭಿಕ್ಷುಗಳು ಉಂಡು ಉಳಿದ ಅನ್ನವನ್ನು ಬುಟ್ಟಿಗೆ ತುಂಬುತ್ತಿದ್ದ ಮುದುಕಿ ಸೂನ್ ಮೂಗು ಮುಚ್ಚಿಕೊಂಡಳು.

"ಯಾವ ಮಹಾತಾಯಿ ಹಳಸಿದ್ದು ಹಾಕಿದಾಳೆ ನೋಡ್ರೇ."

"ಇನ್ಯಾರು? ಸಂತೆ ಗಿರಾಕಿ" ಎಂದಳೊಬ್ಬಳು. ಎಲ್ಲರೂ ಬುವಾಖಾಮಳ ಕಡೆ ತಿರುಗಿ ನಕ್ಕರು.

ಬುವಾಖಾಮ್ ಹೆಗಲ ವಸ್ತ್ರ ಸರಿಮಾಡಿಕೊಂಡಳು. ಮನಿವೊನ್ ತನ್ನ ಖಾಲಿ ಬುಟ್ಟಿಯ ಮುಚ್ಚಳ ಮುಚ್ಚಿದಳು. 'ಅದು ನಂದು' ಎನ್ನಲು ಎಷ್ಟು ಹೊತ್ತು ಬೇಕು? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮೊನ್ನೆ ತಾನು ಆಡಿದ ಮಾತನ್ನೇ ಹಿಡಿದು ಇವತ್ತು ಇವರೆಲ್ಲ ನಗುತ್ತಿದ್ದರು.

ಭಿಕ್ಷುಗಳು ಮಂತ್ರ ಶುರುಮಾಡಿದರು. ಪುಣ್ಯ ಮುಟ್ಟಲೆಂದು ಖಾಮ್ಲಾನ ಹೆಸರು ಹೇಳಿ ನೀರು ಬಿಡಬೇಕು. ಮನಿವೊನ್ ಚೊಂಬು ಬಗ್ಗಿಸಿದಾಗ ಯಾರೋ ಮೊಣಕೈ ಮುಟ್ಟಿದರು. ನೀರು ಬಿಡುವವರನ್ನು ಮುಟ್ಟಿದವರಿಗೂ ಪುಣ್ಯದಲ್ಲಿ ಪಾಲುಂಟು. ತಿರುಗಿ ನೋಡಿದರೆ ಬುವಾಖಾಮ್.

ಮನಿವೊನ್‌ಗೆ ತಡೆಯಲಾಗಲಿಲ್ಲ. "ಮುಟ್ಬೇಡ ಕಣೆ. ಹಳಸಿದ್ದು ನಂದು. ಕಟ್ಕೊಂಡೋನಿಗೇ ಹಳಸಿದ್ದು ಹಾಕ್ಬಿಟ್ಟೆ."

ಹೆಂಗಸರೆಲ್ಲ ಇತ್ತ ತಿರುಗಿದರು. ಬುವಾಖಾಮಳ ಕೈ ಮಾತ್ರ ಮೊಣಕೈ ಬಿಡಲಿಲ್ಲ.

"ಗೊತ್ತು. ಬೆಳಿಗ್ಗೆ ನಿನ್ನ ಪಕ್ಕದಲ್ಲೇ ಕೂತಿದ್ನಲ್ಲ, ವಾಸನೆ ಬಂತು. ಅದಕ್ಕೇ ನನ್ನ ಕೊನೇ ತುತ್ತನ್ನ ಖಾಮ್ಲಣ್ಣನ ಹೆಸರಲ್ಲಿ ಹಾಕ್ದೆ. ಸಂತೇದೇ, ಆದ್ರೆ ಬಿಸಿಯಾಗಿತ್ತು. ನೀರು ಬಿಡು."

ಮನಿವೊನ್ ನೀರು ಬಿಟ್ಟಳು. ಗಂಡನ ಹೆಸರು ಅರ್ಧಕ್ಕೇ ನಿಂತಿತು. ಹೆಸರನ್ನು ಬುವಾಖಾಮಳೇ ಹೇಳಿದಳು.