ಹವಾ ಬದಲಾವಣೆ

ಮುರಾರಿಯ ಮನೆಯಲ್ಲಿ ಎಲ್ಲ ಕಾಯಿಲೆಗೂ ಔಷಧ ಒಂದೇ, ಊರಿಗೆ ಕಳಿಸುವುದು. ಅವನ ಅಪ್ಪನಿಗೆ ದಮ್ಮು ಜೋರಾದಾಗ ಊರಿಗೆ ಕಳಿಸಿದ್ದರು. ಚಿಕ್ಕಪ್ಪನ ಮಗಳು ಮರಾಠಿ ಹುಡುಗನೊಬ್ಬನ ಜೊತೆ ಭೇಲ್ ತಿನ್ನುತ್ತಿದ್ದಾಗ ಸಿಕ್ಕಿಬಿದ್ದಳು, ಅವಳನ್ನೂ ಊರಿಗೇ ಕಳಿಸಿದ್ದರು. ಅಪ್ಪ ಅಲ್ಲೇ ತೀರಿಕೊಂಡರು. ಹುಡುಗಿ ಆರು ತಿಂಗಳಿಗೆ ವಾಪಸು ಬಂದು ಅದೇ ಹುಡುಗನನ್ನು ಮದುವೆಯಾದಳು. ಆದರೂ ಔಷಧದ ಮೇಲಿನ ನಂಬಿಕೆ ಕಡಿಮೆಯಾಗಿರಲಿಲ್ಲ.

ಎರಡು ಸಾವಿರದ ಒಂಬತ್ತರ ಎಪ್ರಿಲ್ ತಿಂಗಳು. ಮುಂಬಯಿಯ ಆಚೆ, ಠಾಣೆ ಪಕ್ಕದ ಕಳವಾ ಎಂಬಲ್ಲಿನ ಎರಡು ಕೋಣೆಯ ಮನೆಯಲ್ಲಿ ಮುರಾರಿಯ ಹೆಂಡತಿ ವನಮಾಲಾ ಬಟ್ಟೆ ನೆನೆಹಾಕುತ್ತಿದ್ದಳು. ಹದಿಮೂರು ವರ್ಷದ ಮಗ ಮನೀಷನ ಪ್ಯಾಂಟಿನ ಜೇಬಿನಿಂದ ಕರ್ಚೀಫು ತೆಗೆದಾಗ ಘಾಟು ಮೂಗಿಗೆ ಅಡರಿತು. ಸೈಕಲ್ ಪಂಕ್ಚರ್ ಹಾಕುವವರು ಟ್ಯೂಬಿಗೆ ಬಳಿಯುವ ಸೊಲ್ಯೂಶನ್ನಿನ ವಾಸನೆ, ಹುಡುಗರು ಅಮಲಿಗೆಂದು ಮೂಸುವಂಥದ್ದು. ಮನೆಯಲ್ಲಿ ಸೈಕಲ್ಲೇ ಇಲ್ಲ. ಒಂದು ತಿಂಗಳಿಂದ ಹುಡುಗ ಊಟ ಅರ್ಧಕ್ಕೆ ಬಿಡುತ್ತಿದ್ದ. ಕಣ್ಣು ಕೆಂಪಗಿರುತ್ತಿತ್ತು. ಕೇಳಿದರೆ "ಕುಛ್ ನಹೀ" ಎನ್ನುತ್ತಿದ್ದ. ವನಮಾಲಾ ಕರ್ಚೀಫನ್ನು ಬಕೆಟ್ಟಿಗೆ ಹಾಕಲಿಲ್ಲ. ಗಂಡ ಬರುವವರೆಗೆ ಕಿಟಕಿಯ ಸರಳಿಗೆ ಸಿಕ್ಕಿಸಿಟ್ಟಳು.

ಮುರಾರಿ ಠಾಣೆಯ ನೌಪಾಡಾದಲ್ಲಿ ಶಾಕಾಹಾರಿ ಹೋಟೆಲೊಂದರ ಮ್ಯಾನೇಜರು. ಸಾಂಬಾರು ಹಳಸಿದ್ದನ್ನು ಹತ್ತು ಮಾರು ದೂರದಿಂದ ಹಿಡಿಯುವ ಮೂಗು ಅವನದು. ಆ ಮೂಗಿಗೂ ಮಗನ ವಿಷಯ ಈವರೆಗೆ ಬಡಿದಿರಲಿಲ್ಲ. ರಾತ್ರಿ ಬಂದವನು ಕರ್ಚೀಫು ಮೂಸಿ ನೋಡಿ ಹಾಸಿಗೆಯ ಮೇಲೆ ಕುಳಿತ.

"ಡಾಕ್ಟರಿಗೆ ತೋರಿಸುವ," ಎಂದಳು ವನಮಾಲಾ. "ಸಿವಿಲ್ ಆಸ್ಪತ್ರೆಯಲ್ಲಿ ಇದಕ್ಕೇ ಬೇರೆ ಡಾಕ್ಟರು ಕೂರ್ತಾರಂತೆ."

"ಹುಚ್ಚಾ ನಿಂಗೆ? ಅಲ್ಲಿ ಕ್ಯೂನಲ್ಲಿ ನಮ್ಮವರು ಯಾರಾದ್ರೂ ಕಂಡ್ರೆ? ಪೇಟೆಯ ಗಾಳಿ ಮಾರಾಯ್ತಿ, ಬೇರೆ ಎಂಥದ್ದೂ ಅಲ್ಲ. ಪಡುಬೈಲಿಗೆ ಕಳಿಸುವ. ಗದ್ದೆ, ತೋಡು, ಶನಿವಾರ ಭಜನೆ. ಎರಡು ತಿಂಗಳಲ್ಲಿ ಚಿನ್ನ ಆಗ್ತಾನೆ."

ಪಡುಬೈಲು ಉಡುಪಿಯ ಆಚೆಗಿನ ಅವನ ಊರು. ಮನೆಯಲ್ಲಿ ತಂಗಿ ಜಯಲತಾ, ಅವಳ ಗಂಡ ಮತ್ತು ಒಂಬತ್ತನೇ ಕ್ಲಾಸಿನ ಮಗ ಲತೀಶ್ ಇದ್ದರು. ಮುರಾರಿ ಅವತ್ತೇ ಫೋನು ಹಚ್ಚಿದ. ನಿಜ ಹೇಳುವುದು ಅವನ ಲೆಕ್ಕದಲ್ಲಿ ಮರ್ಯಾದೆಯ ಕೆಲಸವಾಗಿರಲಿಲ್ಲ.

"ಜಯಾ, ನಮ್ಮ ಮನೀಷನಿಗೆ ಕನ್ನಡವೇ ಬರ್ತಿಲ್ಲ ನೋಡು. ಒಂದು ವರ್ಷ ನಿಮ್ಮಲ್ಲಿದ್ದು ಕಲಿಯಲಿ ಅಂತ."

"ಅಯ್ಯೋ, ಧಾರಾಳ ಕಳಿಸು ಅಣ್ಣ," ಎಂದಳು ಜಯಲತಾ. ಸ್ವಲ್ಪ ತಡೆದು, "ನಾನೂ ನಿಂಗೆ ಫೋನು ಮಾಡ್ಬೇಕು ಅಂತಲೇ ಇದ್ದೆ. ಲತೀಶನಿಗೆ ನಾಲ್ಕು ಜನರ ಜೊತೆ ಹಿಂದಿ ಮಾತಾಡಿ ಗೊತ್ತಿಲ್ಲ. ನಿಮ್ಮಲ್ಲಿ ಬಂದು ಹೋಟೆಲಿನ ಶಿಸ್ತು ನೋಡಲಿ, ರಾತ್ರಿಶಾಲೆಗೂ ಹೋಗಲಿ ಅಂತ ಇವರ ಆಸೆ."

"ಅದಕ್ಕೇನು, ಕಳಿಸು!" ಮುರಾರಿಗೆ ಖುಷಿಯೋ ಖುಷಿ. ಫೋನಿಟ್ಟು ಹೆಂಡತಿಗೆ ಹೇಳಿದ, "ನೋಡು, ಊರಿನವರ ಯೋಚನೆ ಎಷ್ಟು ದೂರದ್ದು!"

ವನಮಾಲಾಗೆ ಬೇರೊಂದು ಯೋಚನೆ ಬಂದದ್ದು ಹೌದು. ಓದುವ ಹುಡುಗನನ್ನು ಶಾಲೆ ಬಿಡಿಸಿ ಶಿಸ್ತು ಕಲಿಯಲು ಯಾರು ಕಳಿಸುತ್ತಾರೆ? ಆದರೆ ಊರಿನ ಗಾಳಿಯಲ್ಲಿ ತನ್ನ ಮಗ ಉಳಿದರೆ ಸಾಕಾಗಿತ್ತು ಅವಳಿಗೆ. ಆ ಯೋಚನೆಯನ್ನು ಬಾಯಿಗೆ ತರಲಿಲ್ಲ.

ಹೋಟೆಲಿನ ಇಡ್ಲಿ ಭಟ್ಟಿಯ ಜಯಶೀಲ ರಜೆಯ ಮೇಲೆ ಊರಿಗೆ ಹೊರಟಿದ್ದ. ಅವನ ಕೈಯಲ್ಲಿ ಮನೀಷನನ್ನು ಕೊಟ್ಟು ಠಾಣೆಯಲ್ಲಿ ರೈಲು ಹತ್ತಿಸಿದರು. ಮೂರು ದಿನ ಬಿಟ್ಟು ಅದೇ ಜಯಶೀಲ ಲತೀಶನನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. ಸರಕು ಸಾಗಿಸುವ ಟೆಂಪೋದವನ ಹಾಗೆ, "ಒಂದು ಇಳಿಸಿದೆ, ಒಂದು ಹೇರಿಕೊಂಡು ಬಂದೆ ಅಕ್ಕ," ಎಂದು ನಕ್ಕ.

ಲತೀಶ್ ಬಂದವನೇ ಮಾವನ ಕಾಲು ಮುಟ್ಟಿದ. ಅತ್ತೆಯ ಕೈಯಿಂದ ನೀರಿನ ಕೊಡ ಇಸಿದುಕೊಂಡ. ಊಟ ಮಾಡಿ ತಟ್ಟೆ ತಾನೇ ತೊಳೆದ. ಮುರಾರಿ ಒಂದೊಂದಕ್ಕೂ ಹೆಂಡತಿಯ ಮುಖ ನೋಡುತ್ತಿದ್ದ.

"ಕಂಡ್ಯಾ? ಇದು ಹಳ್ಳಿಯಲ್ಲಿ ಬೆಳೆದ ಮಗು."

ಮುಂದಿನ ಭಾನುವಾರ ಪಡುಬೈಲು ಗ್ರಾಮ ಹಿತವರ್ಧಕ ಸಂಘದ ಠಾಣೆ ಶಾಖೆಯ ಸಭೆ. ಹೋಟೆಲಿನ ಮಾಳಿಗೆಯಲ್ಲಿ ಕುರ್ಚಿ ಹಾಕಿದ್ದರು. ಡೊಂಬಿವಲಿಯಿಂದ, ಕಲ್ಯಾಣದಿಂದ, ಕೋಪರಖೈರಣೆಯಿಂದ ಮೂವತ್ತು ಜನ ಸೇರಿದ್ದರು. ಕಾರ್ಯದರ್ಶಿಯಾದ ಮುರಾರಿ ಊರ ಶಾಲೆಯ ಹೆಡ್‌ಮಾಸ್ತರರ ಪತ್ರ ಓದಿದ. ಎಂಟು ಒಂಬತ್ತನೇ ತರಗತಿಯ ಮಕ್ಕಳಲ್ಲಿ ಗುಟ್ಕಾ, ಸೊಲ್ಯೂಶನ್ನು, ಅಲ್ಲಿ ಇಲ್ಲಿ ಗಾಂಜಾ ಕಾಣುತ್ತಿದೆ, ತಿಂಗಳಿಗೊಮ್ಮೆ ಒಬ್ಬ ಡಾಕ್ಟರು ಬಂದು ಹೋಗುವಂತೆ ಸಂಘ ಸಹಾಯ ಮಾಡಬಹುದೇ ಎಂದು ಅವರು ಕೇಳಿದ್ದರು.

ಸಭೆಗೆ ಸಿಟ್ಟು ಬಂತು.

"ನಮ್ಮೂರಲ್ಲಿ ಗಾಂಜಾವಾ? ಆ ಮಾಸ್ತರು ಯಾವ ಕಡೆಯವರು?" ಎಂದರು ಅಧ್ಯಕ್ಷರು. ಅವರ ಬಾಯಿ ತುಂಬ ತಂಬಾಕಿನ ಎಲೆಯಡಿಕೆ ಇದ್ದುದರಿಂದ ತಲೆ ಎತ್ತಿಯೇ ಮಾತಾಡಬೇಕಾಯಿತು.

"ಘಟ್ಟದ ಮೇಲಿನವರು. ಹಣಮಂತ್ರಾಯ ಅಂತ."

"ಹಾಗೆ ಹೇಳಿ! ಹೊರಗಿನವರು."

ಹೊರಗಿನವರೊಬ್ಬರು ಪತ್ರ ಬರೆದ ಮೇಲೆ ಏನಾದರೂ ಮಾಡದೆ ಬಿಡುವಂತಿಲ್ಲವಲ್ಲ. ಡಾಕ್ಟರ ವಿಷಯಕ್ಕೆ ಒಬ್ಬರೂ ಕೈ ಎತ್ತಲಿಲ್ಲ. ಡಾಕ್ಟರ ಮೇಲೆ ದಾನಿಗಳ ಹೆಸರು ಕೆತ್ತಿಸಲಾಗುವುದಿಲ್ಲ. ಕೊನೆಗೆ ಊರ ಬಾಗಿಲಿಗೆ ಗ್ರಾನೈಟಿನ ಕಮಾನು ಕಟ್ಟಿ 'ದುಶ್ಚಟಮುಕ್ತ ಪಡುಬೈಲಿಗೆ ಸ್ವಾಗತ' ಎಂದು ಬರೆಸುವುದೆಂದು ಠರಾವಾಯಿತು. ಅಧ್ಯಕ್ಷರ ಹೆಸರು ಊರಿನ ಹೆಸರಿಗಿಂತ ಮೇಲೆ ಬರಬೇಕೋ ಕೆಳಗೋ ಎಂಬುದರ ಚರ್ಚೆ ಊಟದ ತನಕ ನಡೆಯಿತು. ಸಾಕ್ಷಿಗೆಂದು ಮುರಾರಿ ಲತೀಶನನ್ನು ವೇದಿಕೆಗೆ ಕರೆದು ನಿಲ್ಲಿಸಿದ.

"ನೋಡಿ ಇವನನ್ನು. ಅದೇ ಶಾಲೆ, ಅದೇ ಒಂಬತ್ತನೇ ತರಗತಿ. ಹೇಳು ಮಗಾ, ಊರಲ್ಲಿ ಅಂಥದ್ದೇನಾದ್ರೂ ಉಂಟಾ?"

ಲತೀಶ್ ನೆಲ ನೋಡಿ, "ಇಲ್ಲ ಮಾವ," ಎಂದ. ಜೋರು ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವನಮಾಲಾ ಚಪ್ಪಾಳೆ ತಟ್ಟಲಿಲ್ಲ. ಪತ್ರದಲ್ಲಿ ಸೊಲ್ಯೂಶನ್ನು ಎಂಬ ಮಾತು ಬಂದಾಗ ಹುಡುಗ ಜೇಬಿಗೆ ಕೈ ಒತ್ತಿಕೊಂಡದ್ದನ್ನು ಅವಳು ಕಂಡಿದ್ದಳು.

ಮರುದಿನ ಸಂಜೆ ನಾಲ್ಕಕ್ಕೆ, ಮುರಾರಿ ಹೋಟೆಲಿನ ಊಟದ ಹೊತ್ತು ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದಾಗ, ಅವಳು ಲತೀಶನ ಅಂಗಿ ಕೈಗೆತ್ತಿಕೊಂಡಳು. ಅದೇ ಘಾಟು. ಬೈಯಲಿಲ್ಲ. ಅಡುಗೆಮನೆಯಲ್ಲಿ ಮಣೆ ಹಾಕಿ ಅವನಿಗೆ ಚಹಾ ಕೊಟ್ಟಳು, ತಾನೂ ಎದುರು ಕುಳಿತಳು.

"ಯಾವಾಗಿನಿಂದ ಮಗಾ?"

ಹುಡುಗ ಲೋಟ ನೋಡಿದ. "ದಸರಾ ರಜೆಯಿಂದ."

"ಊರಲ್ಲಿ ಎಲ್ಲಿ ಸಿಗ್ತದೆ ಇದು?"

"ಎಲ್ಲಿ ಸಿಗೂದಿಲ್ಲ ಕೇಳಿ ಅತ್ತೆ." ಅವನು ಮೊದಲ ಸಲ ಅವಳ ಮುಖ ನೋಡಿದ. "ಶಾಲೆ ಎದುರಿನ ಅಂಗಡಿಯಲ್ಲಿ ಗುಟ್ಕಾ ಮಾಲೆ ನೇತು ಹಾಕಿರ್ತಾರೆ. ಬೀಡಿ ತರಲಿಕ್ಕೆ ಹಿಂದಿನ ಹೆಡ್‌ಮಾಸ್ತರು ನನ್ನನ್ನೇ ಕಳಿಸ್ತಿದ್ರು. ಶಾಲೆ ಹಿಂದೆ ಮುರಿದ ಕೋಣೆ ಉಂಟಲ್ಲ, ಅಲ್ಲಿ ಸೇರ್ತೇವೆ. ಏಳು ಜನ. ಒಮ್ಮೆ ನಾನು ಅಲ್ಲೇ ಬಿದ್ದಿದ್ದೆ, ಅಪ್ಪ ಎತ್ತಿಕೊಂಡು ಬಂದ್ರು. ಆಮೇಲೆ ಇಲ್ಲಿಗೆ ಕಳಿಸಿದ್ದು."

ವನಮಾಲಾ ಮುಂದಕ್ಕೆ ಬಾಗಿದಳು. "ಮನೀಷನಿಗೆ ಆ ಕೋಣೆ ಗೊತ್ತುಂಟಾ?"

"ನಾನೇ ತೋರಿಸಿದ್ದು ಅತ್ತೆ. ಪಾಪ, ಅವನಿಗೆ ಅಲ್ಲಿ ಯಾರೂ ಗೊತ್ತಿಲ್ಲ. ಬೇಜಾರಾಗ್ಬಾರ್ದು ಅಂತ ಎಲ್ಲರ ಪರಿಚಯ ಮಾಡಿಸಿ ಬಂದೆ. ಅವನೂ ಇಲ್ಲಿಯ ದೋಸ್ತರ ಹೆಸರೆಲ್ಲ ಕೊಟ್ಟ. ಸ್ಟೇಷನ್ನಿನ ಬ್ರಿಡ್ಜಿನ ಕೆಳಗೆ ಯಾರನ್ನು ಕೇಳ್ಬೇಕು ಅಂತ."

ದೊಡ್ಡವರು ಎರಡು ಮನೆಯಲ್ಲಿ ಫೋನು ಹಿಡಿದು ಸಕ್ಕರೆ ಹಚ್ಚಿ ಮುಚ್ಚಿಟ್ಟದ್ದನ್ನು ಮಕ್ಕಳಿಬ್ಬರೂ ಊರ ಜಗಲಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ಹಂಚಿಕೊಂಡಿದ್ದರು. ಒಬ್ಬರ ಜಾಗಕ್ಕೆ ಒಬ್ಬರು ಬದಲಿ ಹೋಗಿದ್ದರು.

ಅವಳು ಒಳಗೆ ಹೋಗಿ ಗಂಡನನ್ನು ಎಬ್ಬಿಸಿ ಎಲ್ಲ ಹೇಳಿದಳು. ಮುರಾರಿ ಎದ್ದು ಕುಳಿತು ಅಂಗಿ ಹಾಕಿಕೊಂಡ. ಆಮೇಲೆ ಮ್ಯಾನೇಜರಿನ ಬುದ್ಧಿ ಎಚ್ಚರವಾಯಿತು.

"ಪುಣೆಯಲ್ಲಿ ಚಿಕ್ಕಪ್ಪನ ಮನೆ ಉಂಟು. ಇಬ್ಬರನ್ನೂ ಅಲ್ಲಿಗೆ..."

"ಸಾಕು ಮಾಡಿ. ಇನ್ನು ಎಷ್ಟು ಊರು ಹಾಳು ಮಾಡ್ಬೇಕು ಅಂತಿದ್ದೀರಿ?" ಅವಳು ಅವನ ಮೊಬೈಲು ಎತ್ತಿಕೊಂಡಳು. "ಜಯಾಗೆ ನಿಜ ಹೇಳ್ತೇನೆ."

"ಬೇಡ ಮಾರಾಯ್ತಿ! ಅವಳ ಎದುರು ನಮ್ಮ ಮರ್ಯಾದೆ? ನಿನ್ನೆಯಷ್ಟೇ ಮೂವತ್ತು ಜನರೆದುರು ಹುಡುಗನನ್ನು ನಿಲ್ಲಿಸಿದ್ದೇನೆ. ಕಮಾನಿಗೆ ಮುಂಗಡ ಬೇರೆ ಹೋಗಿದೆ!"

"ಹೋಗಲಿ. ಅಲ್ಲಿ ನನ್ನ ಮಗ ಇದ್ದಾನೆ."

ಜಯಲತಾ ಫೋನು ಎತ್ತಿದಳು. ದನ ಕಟ್ಟುತ್ತಿದ್ದಳೋ ಏನೋ, ಏದುಸಿರು ಬಿಡುತ್ತಿದ್ದಳು. ವನಮಾಲಾ ಕುಶಲ ಕೇಳಲಿಲ್ಲ.

"ಜಯಾ, ನಮ್ಮ ಮನೀಷ್ ಕನ್ನಡ ಕಲಿಲಿಕ್ಕೆ ಬಂದದ್ದಲ್ಲ. ಅವನು ಸೊಲ್ಯೂಶನ್ ಮೂಸ್ತಾನೆ. ನಿಂಗೆ ಹೇಳ್ಲಿಕ್ಕೆ ನಾಚಿಕೆ ಆಗಿ ಸುಳ್ಳು ಹೇಳಿದ್ವಿ."

ಆ ಕಡೆ ಏನೋ ನೆಲಕ್ಕಿಟ್ಟ ಸದ್ದಾಯಿತು.

"ಅತ್ತಿಗೆ," ಎಂದಳು ಜಯಲತಾ. "ನಮ್ಮ ಲತೀಶ..."

"ಗೊತ್ತಾಯ್ತು. ಅವನೇ ಹೇಳಿದ. ಅವನು ಇಲ್ಲಿ ನನ್ನೆದುರೇ ಇದ್ದಾನೆ, ಚಹಾ ಕುಡಿದ. ನಾಳೆ ಬೆಳಿಗ್ಗೆ ಅವನನ್ನು ಡಾಕ್ಟರಿಗೆ ತೋರಿಸ್ತೇನೆ. ಈಗ ಹೇಳು, ಮನೀಷ್ ಎಲ್ಲಿ?"

"ಊಟ ಆದ ಕೂಡಲೇ ಕ್ರಿಕೆಟ್ ಅಂತ..." ಜಯಲತಾ ಮಾತು ನಿಲ್ಲಿಸಿದಳು. ಆಟದ ಬಯಲಿನಲ್ಲಿ ಅವತ್ತು ಯಾರದ್ದೋ ಮದುವೆಯ ಚಪ್ಪರ ಹಾಕಿದ್ದರು. ಅದು ಅವಳಿಗೆ ಈಗ ನೆನಪಾಯಿತು.

"ಶಾಲೆ ಹಿಂದಿನ ಮುರಿದ ಕೋಣೆಗೆ ಹೋಗು. ಓಡು ಜಯಾ."

"ಫೋನು ಇಡಬೇಡಿ ಅತ್ತಿಗೆ. ನಂಗೂ ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ."

ವನಮಾಲಾ ಇಡಲಿಲ್ಲ. ಕಿವಿಯಲ್ಲಿ ಚಪ್ಪಲಿಯ ಸದ್ದು ಕೇಳಿತು, ತೋಡಿನ ಕಾಲುಸಂಕದ ಮೇಲೆ ಹಲಗೆ ಅಲ್ಲಾಡಿದ್ದು, ಯಾರೋ "ಎಲ್ಲಿಗೆ ಜಯಕ್ಕಾ ಇಷ್ಟು ಅರ್ಜೆಂಟು?" ಎಂದದ್ದು, ಜಯಲತಾ ಉತ್ತರ ಕೊಡದೆ ಮುಂದೆ ಹೋದದ್ದು. ಮುರಾರಿ ಎದುರು ಬಂದು ಕಣ್ಣಲ್ಲೇ ಏನೆಂದು ಕೇಳಿದ. ಅವಳು ಕೈ ತೋರಿಸಿ ಸುಮ್ಮನಿರಿಸಿದಳು. ಲತೀಶ್ ಬಾಗಿಲಿಗೆ ಆತು ನಿಂತು, "ಎಡಗಡೆ ಬಾಗಿಲು ಅಂತ ಹೇಳಿ ಅತ್ತೆ, ಮುಂದಿನದ್ದು ತೆರೆಯೂದಿಲ್ಲ," ಎಂದ.

"ಎಡಗಡೆಯ ಬಾಗಿಲು ಜಯಾ."

ಏನೋ ಕಿರಗುಟ್ಟಿತು. ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಿದ ಸದ್ದು. ಆಮೇಲೆ ಜಯಲತಾಳ ಉಸಿರು ಮಾತ್ರ.

"ಜಯಾ?"

"ಇದ್ದಾನೆ ಅತ್ತಿಗೆ. ಇದ್ದಾನೆ. ಗೋಡೆಗೆ ಒರಗಿ ಕೂತಿದ್ದಾನೆ. ಬೇರೆಯವರೆಲ್ಲ ಓಡಿಹೋದ್ರು, ಇವನಿಗೆ ಏಳ್ಲಿಕ್ಕೆ ಆಗ್ತಾ ಇಲ್ಲ."

"ಮಾತಾಡ್ತಾನಾ?"

"ಮನೀಷಾ, ನೋಡು ಮಗಾ, ನಾನು ಅತ್ತೆ... ಕಣ್ಣು ಬಿಟ್ಟ. 'ಮಮ್ಮೀ ಕೋ ಮತ್ ಬೋಲೋ' ಅಂತಿದ್ದಾನೆ."

ವನಮಾಲಾ ನೆಲದ ಮೇಲೆ ಕುಳಿತಳು. ಮುರಾರಿ ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿ, ಯಾರಿಗೆ ಕೊಡಬೇಕೆಂದು ತಿಳಿಯದೆ, ಕೈಯಲ್ಲೇ ಹಿಡಿದುಕೊಂಡಿದ್ದ.

"ಬೈಬೇಡ ಅವನಿಗೆ. ಗಾಳಿ ಬರುವಲ್ಲಿಗೆ ತಾ. ರಿಕ್ಷಾ ಹಿಡಿದು ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗು. ಯಾರು ಕೇಳಿದ್ರೂ ಇದ್ದದ್ದೇ ಹೇಳು. ನಾನು ನಾಳೆ ಮಧ್ಯಾಹ್ನದ ರೈಲಿಗೆ ಹೊರಡ್ತೇನೆ."

"ಹೂಂ. ರಿಕ್ಷಾಕ್ಕೆ ಒಬ್ಬ ಹುಡುಗನನ್ನು ಓಡಿಸ್ತೇನೆ."

"ರಿಕ್ಷಾ ಬರುವವರೆಗೆ ಅವನ ಪಕ್ಕದಲ್ಲೇ ಕೂತ್ಕೋ ಜಯಾ."

"ಕೂತೆ ಅತ್ತಿಗೆ," ಎಂದಳು ಜಯಲತಾ.